ಬೀಗದ ಕೈ ಕೊಡದೆ ಮಾರಿದ ಲ್ಯಾಪ್‌ಟಾಪ್ ಬಗ್ಗೆ ದೂರು

ಮಂಡ್ಯ
24-01-2026

ಇವರಿಗೆ,
ಮಾಲೀಕರು,
ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅಂಗಡಿ,
ಮೈಸೂರು

ವಿಷಯ: ಜನವರಿ 10ರಂದು ನಿಮ್ಮಲ್ಲಿ ಕೊಂಡ ಲೆನೋವೋ ಥಿಂಕ್‌ಪ್ಯಾಡ್ ಟಿ470 ಲ್ಯಾಪ್‌ಟಾಪಿಗೆ ಬಯೋಸ್ (ಮೆಷಿನ್ ಆನ್ ಆದ ಕೂಡಲೇ ಏಳುವ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ಇದ್ದು, ಲಿನಕ್ಸ್ ಹಾಕಲು ಆಗದಿರುವ ಬಗ್ಗೆ

ಮಾನ್ಯರೇ,

ಈ ವಿಷಯಕ್ಕೆ ಎರಡು ಸಲ ನಿಮ್ಮ ಅಂಗಡಿಗೆ ಬಂದೆ. ಎರಡು ಸಲವೂ ನೀವು ಸಿಗಲಿಲ್ಲ. ಕೌಂಟರಿನಲ್ಲಿದ್ದ ಹುಡುಗರು "ಓನರ್‌ಗೆ ಹೇಳ್ತೀವಿ ಮೇಡಂ" ಅಂತ ಸಾಗಹಾಕಿದರು. ಅವರು ನಿಮಗೆ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ನಡೆದದ್ದನ್ನೆಲ್ಲ ಮೊದಲಿಂದ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ನಾನು ಮಂಡ್ಯದ ವಿದ್ಯಾನಗರದಲ್ಲಿ ಮನೆಯಲ್ಲೇ ಟ್ಯೂಷನ್ ಮಾಡುವವಳು. ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಎಂಟು ವರ್ಷದಿಂದ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ (ಓಎಸ್) ಬಳಸುತ್ತಿದ್ದೇನೆ. ಜಿಯೋಜೀಬ್ರಾದಲ್ಲಿ ವೃತ್ತ, ಸ್ಪರ್ಶಕ ಎಳೆದು ತೋರಿಸುವುದು, ಲಿಬ್ರೆ ಆಫೀಸಿನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಇಷ್ಟೇ ನನ್ನ ಕೆಲಸ. ಹಳೇ ಡೆಸ್ಕ್‌ಟಾಪ್ ದೀಪಾವಳಿ ಹೊತ್ತಿಗೆ ಕೈಕೊಟ್ಟಿತು. ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳುವಷ್ಟು ದುಡ್ಡಿಲ್ಲ. ಟ್ಯೂಷನ್ ಫೀಸಿನಲ್ಲಿ ಹದಿನೈದು ಸಾವಿರ ಒಟ್ಟು ಮಾಡಿಕೊಂಡು ನಿಮ್ಮಲ್ಲಿಗೆ ಬಂದೆ.

ಹಳೇದು ಅಂದ ಮಾತ್ರಕ್ಕೆ ಯಾವುದೋ ಒಂದು ಸಿಕ್ಕರೆ ಸಾಕು ಅಂತ ಬಂದವಳಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಳೆದ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕಾದರೆ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಶನ್ನೋ ಅದಕ್ಕಿಂತ ಹೊಸದೋ ಇರಬೇಕು. ಹಾಗಾಗಿ ಆರನೇ, ಏಳನೇ ಜನರೇಶನ್ ಮೆಷಿನ್ನುಗಳು ವಿಂಡೋಸ್‌ನವರಿಗೆ ಬೇಡವಾಗಿವೆ. ಲಿನಕ್ಸ್‌ಗೆ ಆ ತಕರಾರಿಲ್ಲ. ಮಿಂಟ್ 22 ನಾಲ್ಕು ಜಿಬಿ ರ‍್ಯಾಮ್‌ನಲ್ಲೂ ನಡೆಯುತ್ತದೆ, 2029ರ ತನಕ ಅಪ್‌ಡೇಟ್ ಬರುತ್ತದೆ. ಅವರಿಗೆ ಬೇಡವಾದದ್ದು ನನ್ನಂಥವರಿಗೆ ಲಾಭ, ಅಲ್ವಾ? ಟಿ470 ಅನ್ನು ಆರಿಸಿದ್ದೂ ಹಾಗೇ ಲೆಕ್ಕ ಹಾಕಿ. 2017ರ ಮಾಡೆಲ್. ಕೀಬೋರ್ಡ್ ಗಟ್ಟಿ. ರ‍್ಯಾಮ್‌ಗೆ ಎರಡು ಸ್ಲಾಟ್ ಇದೆ, ಮುಂದೆ ಜಾಸ್ತಿ ಬೇಕಾದರೆ ಹಾಕಿಸಬಹುದು. ಲಿನಕ್ಸ್‌ನಲ್ಲಿ ವೈಫೈಗೆ ಒದ್ದಾಡಬೇಕಿಲ್ಲ.

ಅವತ್ತು ಶನಿವಾರ. ಅಂಗಡಿಯಲ್ಲಿ ರಶ್ ಇತ್ತು. ನಾನು ಮೊದಲು ಹೇಳಿದ ಮಾತೇ "ಇದಕ್ಕೆ ಲಿನಕ್ಸ್ ಹಾಕ್ತೀನಿ" ಅಂತ. ನಿಮ್ಮ ಹುಡುಗ "ಯಾವ ಓಎಸ್ ಬೇಕಾದ್ರೂ ಹಾಕ್ಕೊಳ್ಳಿ ಮೇಡಂ, ಎಲ್ಲಾ ಓಡುತ್ತೆ" ಅಂದ. ನನ್ನ ಬ್ಯಾಗಿನಲ್ಲಿ ಮಿಂಟ್ ಇರುವ ಪೆನ್‌ಡ್ರೈವ್ ಇತ್ತು. ಒಂದು ಸಲ ಅದರಿಂದ ಬೂಟ್ ಮಾಡಿ, ಅಂದರೆ ಮೆಷಿನ್ ಏಳಿಸಿ ನೋಡುತ್ತೇನೆ, ಐದು ನಿಮಿಷ ಸಾಕು ಅಂದೆ. "ಈಗ ಆಗಲ್ಲ ಮೇಡಂ, ಹಿಂದೆ ಕಸ್ಟಮರ್ಸ್ ಇದ್ದಾರೆ, ಮನೇಲಿ ನೋಡ್ಕೊಳ್ಳಿ, 15 ದಿನ ಟೆಸ್ಟಿಂಗ್ ವಾರಂಟಿ ಇದೆಯಲ್ಲ" ಅಂದ. ಆ ಹೊತ್ತಿನಲ್ಲಿ ನಾನು ಪಟ್ಟು ಹಿಡಿದು ನಿಲ್ಲಬೇಕಿತ್ತು. ಅದು ನನ್ನ ತಪ್ಪು, ಒಪ್ಪುತ್ತೇನೆ. ಫೋನ್‌ಪೇಯಲ್ಲಿ 14,800 ರೂಪಾಯಿ ಕೊಟ್ಟು ಬಸ್ ಹತ್ತಿದೆ.

ಮನೆಗೆ ಬಂದು ಆನ್ ಮಾಡಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಎಫ್12 ಒತ್ತಿದೆ. ಏನೂ ಬರಲಿಲ್ಲ, ನೇರವಾಗಿ ವಿಂಡೋಸ್‌ಗೆ ಹೋಯಿತು. ಮತ್ತೆ ಆನ್ ಮಾಡಿ ಬಯೋಸ್‌ಗೆ ಹೋಗಲು ಎಫ್1 ಒತ್ತಿದೆ. ಬೀಗದ ಚಿತ್ರ ಬಂತು, ಪಾಸ್‌ವರ್ಡ್ ಕೇಳಿತು. ಬರೀ ಎಂಟರ್ ಒತ್ತಿದರೆ ಒಳಗೆ ಬಿಡುತ್ತದೆ, ಆದರೆ ನೋಡಬಹುದು ಅಷ್ಟೇ, ಏನನ್ನೂ ಬದಲಾಯಿಸುವ ಹಾಗಿಲ್ಲ. ಬೂಟ್ ಆರ್ಡರ್‌ಗೂ ಬೀಗ. ಅಂದರೆ ಸೂಪರ್‌ವೈಸರ್ ಪಾಸ್‌ವರ್ಡ್. ಮೊದಲು ಈ ಮೆಷಿನ್ ಇಟ್ಟುಕೊಂಡಿದ್ದ ಕಂಪನಿಯವರು ಹಾಕಿದ್ದು, ತೆಗೆಯದೆ ಮಾರಿದ್ದಾರೆ. ನೀವೂ ತೆಗೆಸದೆ ನನಗೆ ಮಾರಿದ್ದೀರಿ.

ಹಾಗಾದರೆ ನೀವು ಇದಕ್ಕೆ ವಿಂಡೋಸ್ ಹಾಕಿದ್ದು ಹೇಗೆ? ರಾತ್ರಿಯೆಲ್ಲ ಅದೇ ಯೋಚನೆ. ಆಮೇಲೆ ಹೊಳೆಯಿತು. ಬೇರೆ ಮೆಷಿನ್ನಿನಲ್ಲಿ ವಿಂಡೋಸ್ ಹಾಕಿ, ಆ ಎಸ್‌ಎಸ್‌ಡಿ (ಓಎಸ್, ಫೈಲು ಕೂರುವ ಡಿಸ್ಕ್) ತಂದು ಇದಕ್ಕೆ ಕೂರಿಸಿದ್ದೀರಿ. ಪೆನ್‌ಡ್ರೈವ್‌ನಿಂದ ಇದು ಬೂಟ್ ಆಗುವುದಿಲ್ಲ ಅಂತ ನಿಮ್ಮವರಿಗೆ ಗೊತ್ತಿತ್ತು. ಅಂಗಡಿಯಲ್ಲಿ ಆ ಐದು ನಿಮಿಷ ಯಾಕೆ ಸಿಗಲಿಲ್ಲ ಅನ್ನುವುದು ಈಗ ಅರ್ಥವಾಗುತ್ತಿದೆ.

ಮೂರನೇ ದಿನ, 12ನೇ ತಾರೀಖು ಸೋಮವಾರ, ಲ್ಯಾಪ್‌ಟಾಪ್ ಎತ್ತಿಕೊಂಡು ಬಂದೆ. "ಒಳಗಿನ ಸೆಲ್ ತೆಗೆದು ಹಾಕಿದ್ರೆ ಪಾಸ್‌ವರ್ಡ್ ಹೋಗುತ್ತೆ" ಅಂದರು. ಬಿಚ್ಚಿದರು, ಸೆಲ್ ತೆಗೆದರು, ಅರ್ಧ ಗಂಟೆ ಬಿಟ್ಟು ಹಾಕಿದರು. ಪಾಸ್‌ವರ್ಡ್ ಅಲ್ಲೇ ಇತ್ತು. ಇರಲೇಬೇಕು. ಥಿಂಕ್‌ಪ್ಯಾಡ್‌ನಲ್ಲಿ ಈ ಪಾಸ್‌ವರ್ಡ್ ಕೂರುವುದು ಬೇರೆ ಚಿಪ್ಪಿನಲ್ಲಿ, ಕರೆಂಟ್ ಹೋದರೂ ಅಳಿಸುವುದಿಲ್ಲ. ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡನ್ನೇ ಬದಲಾಯಿಸಬೇಕು ಅಂತ ಲೆನೋವೋದವರು ತಮ್ಮ ಮ್ಯಾನ್ಯುಯಲ್ಲಿನಲ್ಲೇ ಬರೆದಿದ್ದಾರೆ. ಕದ್ದ ಲ್ಯಾಪ್‌ಟಾಪ್ ಉಪಯೋಗಕ್ಕೆ ಬರಬಾರದು ಅಂತಲೇ ಇರುವ ಏರ್ಪಾಡು ಅದು. ದಿನಾ ಇದೇ ವ್ಯಾಪಾರ ಮಾಡುವವರಿಗೆ ಇದನ್ನು ಟ್ಯೂಷನ್ ಮೇಡಂ ಹೇಳಿಕೊಡಬೇಕಾ?

ಸಂಕ್ರಾಂತಿ ಮುಗಿದ ಮಾರನೇ ದಿನ ಮತ್ತೆ ಬಂದೆ. ಈ ಸಲ ಬೇರೆ ಹುಡುಗ. "ಚಿಪ್‌ಗೆ ಕ್ಲಿಪ್ ಹಾಕಿ ಪಾಸ್‌ವರ್ಡ್ ಅಳಿಸೋರು ಇದ್ದಾರೆ, ಎರಡೂವರೆ ಸಾವಿರ ಆಗುತ್ತೆ, ಬೋರ್ಡ್ ಹೋದ್ರೆ ನಮ್ಮನ್ನ ಕೇಳಬೇಡಿ" ಅಂದ. ನನ್ನ ದುಡ್ಡು, ನನ್ನ ರಿಸ್ಕು, ತಪ್ಪು ಮಾತ್ರ ನಿಮ್ಮದು! ಬೇಡ ಅಂದೆ. "ಹಾಗಾದ್ರೆ ಎಸ್‌ಎಸ್‌ಡಿ ಬಿಚ್ಚಿ ನಾವೇ ಲಿನಕ್ಸ್ ಹಾಕಿಕೊಡ್ತೀವಿ, ಮತ್ತೆ ಬನ್ನಿ, ಮಂಡ್ಯದಿಂದ ನಿಮಗೆ ಬಸ್ ಫ್ರೀ ಅಲ್ವಾ" ಅಂತ ನಕ್ಕ. ಬಸ್ ಫ್ರೀ ಇರಬಹುದು. 45 ಕಿಲೋಮೀಟರ್ ಹೋಗಿ ಬರುವ ಹೊತ್ತು ಫ್ರೀ ಅಲ್ಲ. ಆ ಎರಡು ದಿನದ ಸಂಜೆ ಟ್ಯೂಷನ್ ತಪ್ಪಿತು. ಹತ್ತನೇ ಕ್ಲಾಸಿನ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿದೆ.

ಎಸ್‌ಎಸ್‌ಡಿ ಬಿಚ್ಚಿ ಹಾಕಿದರೆ ಲಿನಕ್ಸ್ ಓಡಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನಾಳೆ ಒಂದು ಅಪ್‌ಡೇಟ್ ಕೆಟ್ಟು ಮೆಷಿನ್ ಏಳದೆ ಹೋದರೆ ಪೆನ್‌ಡ್ರೈವ್ ಹಾಕಿ ಸರಿಮಾಡಿಕೊಳ್ಳುವ ದಾರಿಯೇ ಇಲ್ಲ. ಪ್ರತಿ ಸಲ ಸ್ಕ್ರೂ ಬಿಚ್ಚಬೇಕು, ಇಲ್ಲ ನಿಮ್ಮ ಅಂಗಡಿಗೆ ಓಡಬೇಕು. ಬಯೋಸ್‌ನಲ್ಲಿ ಒಂದೇ ಒಂದು ಸೆಟ್ಟಿಂಗ್ ಮುಟ್ಟುವ ಹಾಗಿಲ್ಲ. ಮನೆ ಮಾರಿ, ಬೀಗದ ಕೈ ಹಳೇ ಯಜಮಾನರ ಹತ್ತಿರವೇ ಇದೆ, ಕಿಟಕಿಯಿಂದ ಓಡಾಡಿಕೊಳ್ಳಿ ಅಂದ ಹಾಗಾಯಿತು. ಇನ್ನೊಂದು ವಿಷಯ. ಅಡಿಯಲ್ಲಿ ಯಾವುದೋ ಸ್ಟಿಕರ್ ಕೆರೆದು ತೆಗೆದ ಗುರುತಿದೆ. ಕಂಪನಿಯವರು ಸರಿಯಾಗಿ ಮಾರಿದ ಮಾಲೇ ಆದರೆ ಪಾಸ್‌ವರ್ಡ್ ಕೇಳಿ ತೆಗೆಸಿಕೊಳ್ಳಲು ನಿಮಗೇನು ಕಷ್ಟ? ಬಿಲ್ಲಿನಲ್ಲಿ "ಲ್ಯಾಪ್‌ಟಾಪ್ 1" ಅಂತ ಬರೆದಿದ್ದೀರಿ, ಸೀರಿಯಲ್ ನಂಬರ್ ಇಲ್ಲ. ನಾಳೆ ಯಾರಾದರೂ ಇದು ನಮ್ಮದು ಅಂತ ಬಂದರೆ ನಾನು ಏನು ತೋರಿಸಲಿ?

ಬ್ಯಾಟರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಿ470ಗೆ ಎರಡು ಬ್ಯಾಟರಿ. ಹಿಂದಿನದು ಪರವಾಗಿಲ್ಲ. ಒಳಗಿನದು 24 ವ್ಯಾಟ್ ಅವರ್‌ನದ್ದು, ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದರೆ ಈಗ 9 ಉಳಿದಿದೆ ಅನ್ನುತ್ತದೆ. ಹಳೇ ಮೆಷಿನ್, ಅಷ್ಟು ಇದ್ದೇ ಇರುತ್ತದೆ. ಅದಕ್ಕೆ ನಾನು ಜಗಳ ಮಾಡುತ್ತಿಲ್ಲ. "ವಿಂಡೋಸ್ 11 ಓಡ್ತಿದೆಯಲ್ಲ, ವಾರಂಟಿ ಅದಕ್ಕೆ ಮಾತ್ರ" ಅಂತ ನಿಮ್ಮ ಹುಡುಗರು ಅಂದದ್ದಕ್ಕೆ ನನ್ನ ಜಗಳ. ಆ ವಿಂಡೋಸ್ ನಾನು ಕೇಳಲಿಲ್ಲ. ಈ ಪ್ರೊಸೆಸರ್‌ಗೆ ಅದನ್ನು ಮೈಕ್ರೋಸಾಫ್ಟ್ ಒಪ್ಪುವುದೂ ಇಲ್ಲ. ಅದರ ಲೈಸೆನ್ಸ್ ಎಲ್ಲಿಂದ ಬಂತು ಅಂತ ನಾನು ಕೇಳಹೋದರೆ ನಿಮಗೇ ಮುಜುಗರ.

ಈಗ ನನಗೆ ಬೇಕಾದದ್ದು ಇಷ್ಟು. 14,800 ರೂಪಾಯಿ ಪೂರ್ತಿ ವಾಪಸ್ ಕೊಡಿ. ಇಲ್ಲ, ಇದೇ ಮಟ್ಟದ ಬೇರೆ ಮೆಷಿನ್ ಕೊಡಿ. ಅದರಲ್ಲಿ ನನ್ನ ಕಣ್ಣೆದುರೇ ಬಯೋಸ್ ತೆರೆಯಬೇಕು, ನನ್ನ ಪೆನ್‌ಡ್ರೈವ್‌ನಿಂದ ಮಿಂಟ್ ಏಳಬೇಕು, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಬೇಕು. ಕ್ಲಿಪ್ ಹಾಕಿ ಅಳಿಸಿದ ಬೋರ್ಡ್ ನನಗೆ ಬೇಡ.

ನೀವೇ ಬರೆದುಕೊಟ್ಟ 15 ದಿನದೊಳಗೆ, ಮೂರನೇ ದಿನವೇ ನಾನು ದೂರು ಹೇಳಿದ್ದೇನೆ. ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ ದೋಷ ಇರುವ ಮಾಲು ವಾಪಸ್ ತೆಗೆದುಕೊಂಡು ದುಡ್ಡು ಕೊಡದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅನುಚಿತ ವ್ಯಾಪಾರ ಪದ್ಧತಿ. ಅಂಗಡಿ ಮೈಸೂರಿನಲ್ಲಿದ್ದರೂ ನಾನು ವಾಸ ಇರುವ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದ ತನಕ ಅದಕ್ಕೆ ಫೀಸೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲಿ ತನಕ ಹೋಗುವ ಆಸೆ ನನಗೇನೂ ಇಲ್ಲ, ನನ್ನ ಮಕ್ಕಳ ಪರೀಕ್ಷೆ ಮುಗಿದರೆ ಸಾಕಾಗಿದೆ. ಹೋಗಬೇಕೋ ಬೇಡವೋ ಅನ್ನುವುದು ನಿಮ್ಮ ಉತ್ತರದ ಮೇಲೆ ನಿಂತಿದೆ.

ಬರುವ ಶನಿವಾರ, 31ನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಪ್‌ಟಾಪ್, ಚಾರ್ಜರ್, ನೀವು ಕೊಟ್ಟ ಬ್ಯಾಗು ಎಲ್ಲ ತೆಗೆದುಕೊಂಡು ಬರುತ್ತೇನೆ. ಅವತ್ತು ನೀವೇ ಅಂಗಡಿಯಲ್ಲಿರಿ. ಪೆನ್‌ಡ್ರೈವ್ ನಾನೇ ತರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ,
ವಿದ್ಯಾನಗರ, ಮಂಡ್ಯ

ಜೊತೆಗೆ ಇಟ್ಟಿರುವುದು: ಬಿಲ್ಲಿನ ಜೆರಾಕ್ಸ್, ಫೋನ್‌ಪೇ ರಸೀದಿ, ಪಾಸ್‌ವರ್ಡ್ ಕೇಳುವ ಸ್ಕ್ರೀನಿನ ಫೋಟೋ