ಉಸುಕು ಹರಗಲು ಹಚ್ಚಿದ ಕಾಕಾನಿಗೆ

ಓಡಿ ಬಂದು ಮೂರು ನೆಗೆತದಲ್ಲಿ ಉಸುಕಿನ ಗುಂಡಿಗೆ ಹಾರುವ ಟ್ರಿಪಲ್ ಜಂಪ್ ನಾನು ಬಿಟ್ಟು ಈ ತಿಂಗಳಿಗೆ 10 ವರ್ಷ. ನಿನ್ನೆ ನಮ್ಮ ಶಾಲೆಯ ಹುಡುಗಿಯೊಬ್ಬಳು ಜಿಲ್ಲಾ ಮಟ್ಟದಲ್ಲಿ ಗೆದ್ದು ಬಂದಳು. ಖುಷಿಗೆ ರಾತ್ರಿ ನಿದ್ದೆಯೇ ಹತ್ತಲಿಲ್ಲ. ಎಷ್ಟು ಜನರ ಋಣ ಬಾಕಿ ಇದೆ ಅಂತ ಎಣಿಸುತ್ತ ಮಲಗಿದ್ದೆ.

2014ರ ಫೆಬ್ರುವರಿಯಲ್ಲಿ ನನ್ನ ಮೊಣಕಾಲಿಗೆ ಆಪರೇಷನ್ ಆಯಿತು. ಟ್ರಿಪಲ್ ಜಂಪಿನ ಮೊದಲ ನೆಗೆತದಲ್ಲಿ ಓಡಿ ಬಂದ ಜೋರಿನಲ್ಲೇ ಎಗರಿ, ಎಗರಿದ ಕಾಲಿನ ಮೇಲೆಯೇ ಇಳಿಯಬೇಕು. ಮೈಭಾರವೆಲ್ಲ ಆ ಒಂದು ಮೊಣಕಾಲಿನ ಮೇಲೆ. ಆಗ ರಷ್ಯಾದ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಿತ್ತು. ನನ್ನ ತಮ್ಮ ಮೊಬೈಲಿನಲ್ಲಿ ಸ್ಕೀ ಜಂಪಿಂಗ್, ಅಂದರೆ ಹಿಮದ ಇಳಿಜಾರಿನಲ್ಲಿ ಜಾರಿ ಬಂದು ದೂರ ಹಾರುವ ಆಟ, ತೋರಿಸಿದ. ಜಪಾನಿನ ನೊರಿಯಾಕಿ ಕಸಾಯಿ 41ನೇ ವಯಸ್ಸಿನಲ್ಲಿ ಬೆಳ್ಳಿ ಗೆದ್ದಿದ್ದರು. ನನಗಾಗ 24. ನೋಡಿ ಅಳು ಬಂತು. ಅವ್ವ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೇಳಿದಳು: "ಅಷ್ಟು ಎತ್ತರ ಹಾರ್ತಾನಲ್ಲ, ಇಳಿಯೋದು ಹೆಂಗವ್ವಾ?"

ಅವರು ಒಂದು ಕಾಲು ಮುಂದಿಟ್ಟು, ಮೊಣಕಾಲು ಬಗ್ಗಿಸಿ, ಎರಡೂ ಕೈ ಚಾಚಿ ಇಳಿಯುತ್ತಾರೆ. ಹಾಗೆ ಇಳಿಯದಿದ್ದರೆ ಎಷ್ಟು ದೂರ ಹಾರಿದರೂ ಅಂಕ ಕಟ್. ಅವ್ವನಿಗೆ ಅದನ್ನು ಹೇಳಿದೆ. ನಾನು ಹೇಗೆ ಇಳಿಯಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಮರುವರ್ಷ ಮತ್ತೆ ಪ್ರಯತ್ನಪಟ್ಟೆ. ಕಾಲು ಒಪ್ಪಲಿಲ್ಲ. ನೌಕರಿ ಕೊಡಿಸುತ್ತೇವೆ ಅಂದಿದ್ದವರು ಫೋನ್ ಎತ್ತೋದು ಬಿಟ್ಟರು. ಅದು ಇರಲಿ.

ಆಗಲೂ ದಿನಾ ಬೆಳಿಗ್ಗೆ ಧಾರವಾಡದ ಆರ್.ಎನ್. ಶೆಟ್ಟಿ ಸ್ಟೇಡಿಯಂಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಬೇರೆ ಎಲ್ಲಿ ಹೋಗೋದು ತಿಳಿಯುತ್ತಿರಲಿಲ್ಲ. ಜಂಪಿನ ಗುಂಡಿ ನೋಡಿಕೊಳ್ಳುತ್ತಿದ್ದ ಕಾಕಾ ಒಂದಿನ ಕಬ್ಬಿಣದ ಹಲ್ಲಿನ ರೇಕ್ ತಂದು ಕೈಗೆ ಕೊಟ್ಟರು. "ಸುಮ್ನ ಯಾಕ ಕುಂತಿ ತಂಗಿ? ಬಾ, ಉಸುಕು ಹರಗು."

ಉಸುಕು ಹರಗೋದು ಸಣ್ಣ ಕೆಲಸ ಅಲ್ಲ. ಮೊದಲು ಸಲಿಕೆಯಿಂದ ಅಗೆದು ಮೇಲೆ ಕೆಳಗೆ ಮಾಡಬೇಕು, ಇಲ್ಲದಿದ್ದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನೀರು ಹೊಡೆದು ಹಸಿ ಮಾಡಬೇಕು. ಆಮೇಲೆ ಓಡಿ ಬರುವ ದಾರಿಯ ಮಟ್ಟಕ್ಕೆ ಸಮ ಎಳೆಯಬೇಕು. ಉಸುಕು ಏರುತಗ್ಗಾದರೆ ಅಳತೆಯೇ ಸುಳ್ಳಾಗುತ್ತದೆ. ಎಂಟು ವರ್ಷ ಜಿಗಿದ ನಾನು ಜಿಗಿಯಲು ಕಾಲೂರುವ ಹಲಗೆಯನ್ನಷ್ಟೇ ನೋಡಿದ್ದೆ. ಗುಂಡಿಯ ಪಕ್ಕ ನಿಂತ ಮೇಲೆ ಉಳಿದದ್ದು ಕಂಡಿತು. ಯಾರು ಕೈ ಹಿಂದಕ್ಕೆ ಊರುತ್ತಾರೆ, ಯಾರ ಹಿಮ್ಮಡಿ ಬೇಗ ತಾಗುತ್ತದೆ, ಎಲ್ಲಾ. ಕೈ ಊರಿದರೆ ಅಲ್ಲಿಂದಲೇ ಅಳತೆ, ಅರ್ಧ ಅಡಿ ಹೋಯಿತು! ಒಂದು ವಾರಕ್ಕೆ ಹುಡುಗರು "ಅಕ್ಕಾ, ನಂದು ನೋಡ್ರೀ" ಅನ್ನತೊಡಗಿದರು. ನಾನು ಟೀಚರ್ ಆಗಿದ್ದು ಅಲ್ಲೇ. ದೈಹಿಕ ಶಿಕ್ಷಣದ ಬಿ.ಪಿ.ಎಡ್. ಸರ್ಟಿಫಿಕೇಟ್ ಬಂದದ್ದು ಆಮೇಲೆ.

ವ್ಯಾಯಾಮ ಮಾಡಿಸಿ ದುಡ್ಡು ತೆಗೆದುಕೊಳ್ಳದ ಫಿಸಿಯೋ ಮೇಡಂಗೆ, ಹುಬ್ಬಳ್ಳಿಯಿಂದ ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದ ಗೆಳತಿಗೆ, ಮನೆ ತುಂಬಾ ಉಸುಕು ಉದುರಿಸಿದರೂ ಒಂದಿನ ಬೈಯದ ಅವ್ವನಿಗೆ ಮನಸಾರೆ ನಮಸ್ಕಾರ. ಅವ್ವಾ, ನಿನ್ನ ಪ್ರಶ್ನೆ ನಾನು ಮರೆತಿಲ್ಲ.

ಕಾಕಾ, ನೀವು ಈಗ ರಿಟೈರ್ ಆಗಿ ಊರಲ್ಲಿದ್ದೀರಿ. ಗದಗಿನ ಬಸ್ ಹತ್ತಿ ಒಂದು ಶನಿವಾರ ನಮ್ಮ ಶಾಲೆಗೆ ಬರಬೇಕು. ಗುಂಡಿ ನಾನು ಹರಗಿಟ್ಟಿರುತ್ತೇನೆ. ಆ ಹುಡುಗಿ ಜಿಗಿದಾಗ ಟೇಪು ನೀವೇ ಹಿಡಿಯಬೇಕು.