ಹಳೆ ಮನೆಯನ್ನು ಆಷಾಢದಲ್ಲಿ ನೋಡಿ

ಮಾನ್ಯರೇ,

ಕಾರವಾರ, ಅಂಕೋಲಾ, ಕುಮಟಾ ಪೇಟೆಗಳಲ್ಲಿ ಅಣ್ಣತಮ್ಮಂದಿರ ಹಿಸ್ಸೆಯಾಗಿ ನಡುಗೋಡೆ ಎದ್ದ ಹಳೆ ಹಂಚಿನ ಮನೆಗಳು ಮಾರಾಟಕ್ಕಿರುತ್ತವೆ. ಎರಡೂ ಪಾಲು ಕೊಂಡು, ಒಂದರಲ್ಲಿ ತಾವಿದ್ದು ಇನ್ನೊಂದನ್ನು ಬಾಡಿಗೆಗೆ ಕೊಟ್ಟರೆ ಸಾಲದ ಕಂತಿಗೆ ಆಧಾರವಾಗುತ್ತದೆ ಎಂಬುದು ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳ ಲೆಕ್ಕ. ಲೆಕ್ಕ ಸರಿಯೇ ಇದೆ. ತಪ್ಪುವುದು ನೋಡುವ ಕಾಲ. ಏಪ್ರಿಲ್ ಬಿಸಿಲಲ್ಲಿ, ಹೊಸದಾಗಿ ಬಣ್ಣ ಬಳಿದ ಗೋಡೆ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಮನೆ ತನ್ನ ನಿಜ ಸ್ಥಿತಿ ತೋರಿಸುವುದು ಆಷಾಢದಲ್ಲಿ. ಆಷಾಢದಲ್ಲಿ ಖರೀದಿ ಬೇಡ ಎನ್ನುವವರು ಖರೀದಿಸುವುದು ಬೇಡ; ಜಡಿಮಳೆಯ ದಿನ ಒಮ್ಮೆ ಹೋಗಿ ನೋಡಿಯಾದರೂ ಬನ್ನಿ.

ಹೋದವರು ಮೊದಲು ಅಟ್ಟ ಹತ್ತಬೇಕು. ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಕೈಯಲ್ಲಿರಲಿ. ಪಕಾಸುಗಳು, ಅಂದರೆ ಹಂಚಿನ ಭಾರ ಹೊರುವ ಓರೆ ಮರಗಳು, ಗೋಡೆಯ ಮೇಲೆ ಕೂರುವ ತುದಿಯೇ ಮೊದಲು ಕೊಳೆಯುವ ಜಾಗ, ಏಕೆಂದರೆ ಸೋರಿದ ನೀರೆಲ್ಲ ಇಳಿದು ನಿಲ್ಲುವುದು ಅಲ್ಲಿ. ಸ್ಕ್ರೂಡ್ರೈವರ್ ಒತ್ತಿದರೆ ಅರ್ಧ ಇಂಚು ಒಳಹೋಗುವ ಪಕಾಸನ್ನು ಬದಲಿಸಲೇಬೇಕು. ಎಷ್ಟು ಹೋಗಿವೆ ಎಂದು ಎಣಿಸಿ ಬರೆದುಕೊಳ್ಳಿ. ಬೆಲೆ ಮಾತಾಡುವಾಗ ಆ ಸಂಖ್ಯೆ ನಿಮ್ಮ ಕೈಲಿರಬೇಕು. ನಡುಗೋಡೆಯ ನೆತ್ತಿಯನ್ನೂ ನೋಡಿ. ಒಂದು ಪಾಲಿನವರು ಮಾಡನ್ನು (ಛಾವಣಿಯನ್ನು) ಎತ್ತರಿಸಿ ಇನ್ನೊಬ್ಬರು ಹಾಗೇ ಬಿಟ್ಟಿದ್ದರೆ ಎರಡರ ಸಂದಿಯಲ್ಲಿ ಮಳೆನೀರು ಹರಿಯುವ ತಗಡಿನ ದೋಣಿ ಇರುತ್ತದೆ. ಉಪ್ಪುಗಾಳಿಗೆ ಸತು ಲೇಪಿಸಿದ ಕಬ್ಬಿಣದ (ಜಿಐ) ತಗಡು ಬಹುಕಾಲ ತಾಳುವುದಿಲ್ಲ. ಅಲ್ಲಿಗೆ ದಪ್ಪ ಅಲ್ಯೂಮಿನಿಯಂ ಹಾಳೆ ಹಾಕಿ, ಎರಡೂ ಬದಿಯ ಹಂಚಿನಡಿಗೆ ಕನಿಷ್ಠ 15 ಸೆಂ.ಮೀ. ಮಡಚಿ ಏರಿಸಬೇಕು.

ಹಂಚಿನ ವಿಷಯದಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಚದರ ಮೀಟರಿಗೆ ಸುಮಾರು 15 ಹಂಚು, ನೂರು ಚದರಡಿಗೆ 140. ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ತರಿಸುತ್ತಾರೆ. ಅಲ್ಲಿಯವರೆಗೆ ಸರಿ. ಆಮೇಲೆ ಹಳತರ ನಡುವೆ ಹೊಸತನ್ನು ತುರುಕುತ್ತಾರೆ. ಒಂದು ಕಾರ್ಖಾನೆಯ ಹಂಚಿನ ತೋಡಿಗೆ ಇನ್ನೊಂದರ ಅಂಚು ಕೂರುವುದಿಲ್ಲ. ಕೆಳಗಿಂದ ಒಪ್ಪವಾಗಿಯೇ ಕಾಣುತ್ತದೆ, ಗಾಳಿಮಳೆಗೆ ಆ ಕೂದಲೆಳೆಯ ಸಂದಿಯಲ್ಲೇ ನೀರು ನುಗ್ಗುತ್ತದೆ. ಆದ್ದರಿಂದ ಗಟ್ಟಿ ಹಳೆ ಹಂಚನ್ನೆಲ್ಲ ಆರಿಸಿ ಒಂದೇ ಇಳಿಜಾರಿಗೆ ಹೊದಿಸಿ, ಇನ್ನೊಂದು ಇಳಿಜಾರಿಗೆ ಪೂರ್ತಿ ಹೊಸತು ಹಾಕಿ. ಬೆರಳ ಗಂಟಿನಿಂದ ತಟ್ಟಿದರೆ ಗಟ್ಟಿ ಹಂಚು ಠಣ್ಣೆನ್ನುತ್ತದೆ, ಬಿರುಕುಬಿಟ್ಟದ್ದು ಬೊದ್ದೆನ್ನುತ್ತದೆ. ಹಂಚು ಕೂರಿಸುವ ಅಡ್ಡಪಟ್ಟಿಗಳ, ಅಂದರೆ ರೀಪಿನ, ಅಂತರವನ್ನು ಅಂದಾಜಿನಲ್ಲಿ ಹೊಡೆಸಬೇಡಿ. ತಂದ ಹಂಚನ್ನೇ ನೆಲದಲ್ಲಿ ನಾಲ್ಕು ಸಾಲು ಜೋಡಿಸಿ ಅಳೆಯಿರಿ.

ಇನ್ನು ಗೋಡೆ. ಚಿರೆಕಲ್ಲಿನ (ಜಂಬಿಟ್ಟಿಗೆಯ) ಸಂದನ್ನು ಮೊಳೆಯಿಂದ ಕೆರೆಯಿರಿ. ಮಣ್ಣು ಉದುರಿದರೆ ಅದು ಮಣ್ಣಿನ ಗಾರೆಯ ಗೋಡೆ; ಅದರ ಮೇಲೆ ಸ್ಲ್ಯಾಬ್ ಹಾಕುವ ಆಸೆ ಅಂದೇ ಬಿಡಬೇಕು. ಒಂದು ಚದರ ಮೀಟರ್ ಹಂಚಿನ ಭಾರ ಸುಮಾರು 40 ಕಿಲೋ. ಐದಿಂಚಿನ ಕಾಂಕ್ರೀಟ್ ಸ್ಲ್ಯಾಬ್ 300 ಕಿಲೋ ದಾಟುತ್ತದೆ. ಪಿಲ್ಲರ್ ಎಬ್ಬಿಸದೆ ಆ ಭಾರ ಹೇರಿದರೆ ಕಿಟಕಿಯ ಮೂಲೆಗಳಿಂದ ಓರೆಬಿರುಕು ಬೀಳತೊಡಗುತ್ತದೆ.

ಒದ್ದೆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿ ಪ್ಲಾಸ್ಟಿಕ್ ಪೇಂಟ್ ಬಳಿಯುವುದಂತೂ ದುಡ್ಡು ನೀರಿಗೆ ಹಾಕಿದ ಹಾಗೆ. ಚಿರೆಕಲ್ಲು ನೆಲದ ತೇವ ಹೀರುತ್ತದೆ. ಅದು ಆರಲು ದಾರಿ ಬೇಕು. ಹೊರಗೆ ಮುಚ್ಚಿದರೆ ಒಳಗೆ ಉಪ್ಪು ಹೂವಾಗಿ ಅರಳಿ, ಮೊಣಕಾಲೆತ್ತರದವರೆಗೆ ಬಣ್ಣ ಪದರಪದರವಾಗಿ ಕಳಚುತ್ತದೆ. ಹಾಳಾದ ಗಿಲಾವು ಕೆತ್ತಿ, ಒಂದು ಬೇಸಿಗೆ ಗೋಡೆ ಒಣಗಲು ಬಿಡಿ. ಬಳಿಕ ಒಂದಕ್ಕೆ ಮೂರು ಮರಳಿನ ಸುಣ್ಣದ ಗಾರೆ ಹಚ್ಚಿ. ಅಘನಾಶಿನಿ ದಂಡೆಯಲ್ಲಿ ಬಳಚಿನ ಚಿಪ್ಪು ಸುಟ್ಟು ಸುಣ್ಣ ಮಾಡಿದ ನಾಡು ನಮ್ಮದು. ಆ ಕೆಲಸ ಬಲ್ಲ ಹಿರಿಯ ಗವಂಡಿಗಳನ್ನು ಹುಡುಕುವ ಶ್ರಮ ಸಾರ್ಥಕ. ಅಂಗಳದ ನೀರು ಗೋಡೆಯ ಬುಡಕ್ಕೆ ಹರಿಯದಂತೆ ಇಳಿಜಾರು ತಿರುಗಿಸಿದರೆ ಅರ್ಧ ತೇವ ಅಷ್ಟಕ್ಕೇ ನಿಲ್ಲುತ್ತದೆ.

ಎರಡು ಪಾಲಿಗೂ ಒಂದೇ ಬಾವಿ, ಒಂದೇ ಶೌಚಗುಂಡಿ ಇರುವುದುಂಟು. ಚಿರೆಕಲ್ಲಿನ ನೆಲ ಜರಡಿಯಂಥದ್ದು. ಇಂಗುಗುಂಡಿಗೂ ಬಾವಿಗೂ 18 ಮೀಟರ್ ಅಂತರವಾದರೂ ಇರಲಿ. ಇಲ್ಲದಿದ್ದರೆ ಗುಂಡಿ ಸ್ಥಳಾಂತರಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕಾಗದಪತ್ರದ ಮಾತು ಚಿಕ್ಕದು, ತಪ್ಪಿದರೆ ಮಾತ್ರ ದೊಡ್ಡದಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. ಮುಂಬೈ, ಗೋವೆಯಲ್ಲಿರುವ ಅಕ್ಕತಂಗಿಯರ ಸಹಿ ಇಲ್ಲದೆ ಮುಂದುವರಿಯಬೇಡಿ. ಕಡಲು, ನದಿಯ ಬದಿಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಮನೆ ಎಲ್ಲಿ ಬೀಳುತ್ತದೆಂದು ನೋಡಿ. ನಿರ್ಮಾಣ ನಿಷೇಧದ ವಲಯದೊಳಗಿದ್ದರೆ, ಅನುಮತಿ ಪಡೆದು ಕಟ್ಟಿದ ಹಳೆ ಮನೆಯನ್ನು ಇರುವ ತಳಪಾಯದೊಳಗೆ ದುರಸ್ತಿ ಮಾಡಬಹುದು, ಹಿಗ್ಗಿಸುವಂತಿಲ್ಲ. ಕ್ರಯಪತ್ರದಲ್ಲಿ ಗಂಡ-ಹೆಂಡತಿ ಇಬ್ಬರ ಹೆಸರೂ, ಯಾರ ಪಾಲು ಎಷ್ಟೆಂಬುದೂ ಇರಲಿ. ಸಾಲಕ್ಕೆ ಮಾತ್ರ ಸಹಿ ಹಾಕಿ ಒಡೆತನದಲ್ಲಿ ಹೆಸರಿಲ್ಲದವರಿಗೆ ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿಯೂ ಸಿಗದು.

ನಗರಸಭೆ, ಪುರಸಭೆಗಳಲ್ಲಿ ಒಂದು ವಿನಂತಿ. ಹಿಸ್ಸೆಯಾದ ಮನೆಗೆ ಪ್ರತ್ಯೇಕ ಖಾತೆ ಮಾಡುವಾಗ ನಡುಗೋಡೆ, ಬಾವಿಯ ದಾರಿ, ಮಾಡಿನ ನೀರು ಯಾರ ಅಂಗಳಕ್ಕೆ ಇಳಿಯುತ್ತದೆ ಎಂಬಿಷ್ಟನ್ನು ನಕ್ಷೆಯಲ್ಲಿ ಗುರುತಿಸಿ ಕೊಡಲಿ. ಕೊಳ್ಳುವವರಿಗೂ ಪಕ್ಕದವರಿಗೂ ನಡುವೆ ಹುಟ್ಟುವ ಜಗಳ ಹೆಚ್ಚಾಗಿ ಈ ಮೂರರದ್ದೇ.

ಕೆಲಸ ಹಿಡಿಯುವವರು ದೀಪಾವಳಿ ಕಳೆದು ಮಾಡು ಬಿಚ್ಚಿ, ಮಿರ್ಗದ (ಜೂನ್ ಆರಂಭದ ಮೃಗಶಿರಾ) ಮಳೆಗೆ ತಿಂಗಳಿರುವಾಗಲೇ ಹಂಚು ಹೊದಿಸಿ ಮುಗಿಸಲಿ. ಅಡುಗೆಮನೆಯ ಗ್ರಾನೈಟ್, ನೆಲದ ಟೈಲ್ಸ್, ಬಣ್ಣ ಇವೆಲ್ಲ ಹೊಸ ಮಾಡು ಒಂದು ಮಳೆಗಾಲ ಕಂಡ ಮೇಲೆ.

– ಇಬ್ಬರು ಓದುಗರು, ಕಾರವಾರ