ವ್ಯಾನ್ಸ್ ಸಾಹೇಬರಿಗೆ ಅರ್ಜಿ ಬೇಡ ಅಪ್ಪಾಜಿ

ಅಪ್ಪಾಜಿ, ಅಮ್ಮನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ಅತ್ತೆಯ ಮಂಡಿನೋವು ಹೇಗಿದೆ, ಬರೆಯಿರಿ.

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ನಗೋಕಾಗಲಿಲ್ಲ. ಅಮೆರಿಕದ ಉಪಾಧ್ಯಕ್ಷ ವ್ಯಾನ್ಸ್ ನಮ್ಮ ಕಥೋಲಿಕರೇ ಅಲ್ವಾ, ಹೆಂಡತಿ ಕಡೆಯವರು ಆಂಧ್ರದವರು, ನಿಮ್ಮ ಫಾದರ್ ಕೈಲಿ ಒಂದು ಅರ್ಜಿ ಹಾಕಿಸು, ನಮ್ಮ ಸುನಿಗೆ ಇಲ್ಲಿಗೆ ಬರೋಕೆ ವೀಸಾ ಆಗುತ್ತೆ ಅಂದಿದ್ದೀರಿ. ಇದೇನು ಜಯದೇವ ಸರ್ಕಲ್‌ನಲ್ಲಿ ಕಾರ್ಪೊರೇಟರ್ ಕೈಗೆ ಚೀಟಿ ಕೊಟ್ಟ ಹಾಗಾ?

2025ರ ಏಪ್ರಿಲ್‌ನಲ್ಲಿ ಅವರ ಮಕ್ಕಳು ಕುರ್ತಾ ಹಾಕ್ಕೊಂಡು ದೆಹಲಿಯಲ್ಲಿ ವಿಮಾನ ಇಳಿದದ್ದು ನೋಡಿ ಮೆಚ್ಚಿಕೊಂಡಿದ್ರಿ. ನಾನೂ ಒಂದು ಕಾಲಕ್ಕೆ ಮೆಚ್ಚಿದವಳೇ. 2019ರಲ್ಲಿ ತಾನಾಗಿ ಧರ್ಮಸಭೆಗೆ ಸೇರಿದ ಮನುಷ್ಯ, ಭಕ್ತಿ ನಮಗಿಂತ ಒಂದು ತೂಕ ಜಾಸ್ತಿಯೇ ಇರಬಹುದು ಅಂದುಕೊಂಡಿದ್ದೆ. ಅಧಿಕಾರಕ್ಕೆ ಬಂದು ವಾರ ಆಗಿರಲಿಲ್ಲ, ಕಥೋಲಿಕನಾಗಿ ನೋವಾಗಿದೆ ಅಂತ ಟಿವಿಯಲ್ಲಿ ಕೂತು, ವಲಸಿಗರ ಪರ ಮಾತಾಡಿದ ಬಿಷಪ್‌ಗಳ ಮೇಲೇ ಹರಿಹಾಯ್ದರು. ನಿರಾಶ್ರಿತರ ಸೇವೆ ಮಾಡೋದು ಸರ್ಕಾರದ ದುಡ್ಡಿಗೋ ಏನೋ ಅನ್ನೋ ಧಾಟಿಯಲ್ಲಿ. ಆ ದುಡ್ಡು ಆ ಕೆಲಸಕ್ಕೇ ಸಾಲಲ್ಲ ಅಂತ ಬಿಷಪ್‌ಗಳು ಸಮಜಾಯಿಷಿ ಕೊಡಬೇಕಾಯ್ತು. ಮೊದಲು ಮನೆಯವರನ್ನು ಪ್ರೀತಿಸು, ಆಮೇಲೆ ನೆರೆಯವರು, ಊರು, ದೇಶ, ಉಳಿದ ಲೋಕ ಕೊನೆಗೆ, ಇದು ಕ್ರೈಸ್ತರ ಕ್ರಮ ಅಂತ ಬೇರೆ. ಫೆಬ್ರವರಿ 10ಕ್ಕೆ ಪೋಪ್ ಫ್ರಾನ್ಸಿಸ್, ಇವರ ಹೆಸರೆತ್ತದೆ, ಇಲ್ಲಿನ ಬಿಷಪ್‌ಗಳಿಗೆ ಪತ್ರ ಬರೆದು ಒಳ್ಳೆಯ ಸಮಾರಿಯದವನ ಸಾಮತಿ, ಅದೇ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದವನ ಯೇಸುವಿನ ಕಥೆ, ಅದನ್ನು ಧ್ಯಾನಿಸಿ ಅಂದರು. ಹರಿಹರದ ಆರೋಗ್ಯಮಾತೆ ಹಬ್ಬದಲ್ಲಿ ಬುತ್ತಿ ಬಿಚ್ಚಿದಾಗ ಪಕ್ಕ ಕೂತವರು ಯಾವ ಜಾತಿ ಅಂತ ಕೇಳದೆ ಅವರಿಗೆ ಮೊದಲು ಕೊಟ್ಟು, ನಮಗೆ ಆಮೇಲೆ ಕೊಡ್ತಿದ್ರಲ್ಲ ಅಪ್ಪಾಜಿ. ನಾನು ಕಲಿತ ಕ್ರಮ ಅದು.

ಇಲ್ಲಿ ಪೂಜೆ ಮುಗಿದ ಮೇಲೆ ಕಾಫಿ, ಡೋನಟ್ ಕೊಡ್ತಾರೆ. (ಮಂಡಕ್ಕಿ ಮಿರ್ಚಿ ಇಟ್ಟು ನೋಡಿ, ಚರ್ಚ್ ಸಾಲಲ್ಲ ಅಂತ ಹೇಳ್ತಾ ಇರ್ತೀನಿ.) ಡಬ್ಬಿ ಜೋಡಿಸ್ತಿದ್ದ ಮೆಕ್ಸಿಕೋದ ಅಜ್ಜ ಬೇಸಿಗೆಯಿಂದ ಪತ್ತೆ ಇಲ್ಲ. ಕಾಗದಪತ್ರ ಇಲ್ಲದ ವಲಸಿಗರನ್ನು ಚರ್ಚಿನಲ್ಲೂ ಹಿಡಿಯಬಹುದು ಅಂತ ಜನವರಿಯಲ್ಲೇ ನಿಯಮ ಬದಲಾಯಿಸಿದ್ದಾರೆ. ಜುಲೈನಲ್ಲಿ ನಮ್ಮ ಸ್ಯಾನ್ ಬರ್ನಾರ್ಡಿನೋ ಬಿಷಪ್, ಭಯ ಇರೋರು ಭಾನುವಾರದ ಪೂಜೆಗೆ ಬರಲೇಬೇಕೆಂದಿಲ್ಲ ಅಂತ ವಿನಾಯಿತಿ ಕೊಟ್ಟರು. ಕಥೋಲಿಕ ಉಪಾಧ್ಯಕ್ಷರಿರೋ ದೇಶದಲ್ಲಿ! ಅವರಿಗೆ ಅರ್ಜಿ ಬರೆಯೋಕೆ ನನಗೆ ಕೈ ಬರಲ್ಲ.

ಇದನ್ನೋದಿ ಗಾಬರಿ ಆಗಬೇಡಿ. ನನಗೆ ಗ್ರೀನ್ ಕಾರ್ಡ್ ಇದೆ, ಪರ್ಸಲ್ಲೇ ಇಟ್ಟುಕೊಂಡಿರ್ತೀನಿ. ಡ್ಯೂಟಿ, ಮನೆ, ಚರ್ಚ್, ಅಷ್ಟೇ. ಏನೂ ಆಗಲ್ಲ. ಖಂಡಿತ ಏನೂ ಆಗಲ್ಲ.

ಈಗ ಸುನಿ ವಿಷಯ. 2025ರ ಸೆಪ್ಟೆಂಬರ್‌ನ ಆದೇಶದ ಪ್ರಕಾರ, ಹೊರದೇಶದಿಂದ ಹೊಸಬರನ್ನು ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಕರೆಸಿಕೊಳ್ಳೋ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು. ನಮ್ಮ ದುಡ್ಡಲ್ಲಿ 80 ಲಕ್ಷದ ಮೇಲೆ. ಅವನ ಕಂಪನಿ ಕಟ್ಟಲ್ಲ, ಅವನಿಗೂ ಗೊತ್ತು, ನಿಮ್ಮ ಹತ್ರ ಬಾಯಿ ಬಿಡ್ತಿಲ್ಲ. ಭದ್ರಾವತಿಯ ಹುಡುಗಿ ಮನೆಯವರಿಗೆ ಮದುವೆ ಆದಮೇಲೆ ಹೇಳಿದರಾಯ್ತು ಅಂತ ಅಮ್ಮ ಅಂದಿದ್ದಾಳಂತೆ. ಬೇಡಮ್ಮ. ಹುಡುಗಿ ಅಮೆರಿಕ ನೋಡಿ ಒಪ್ಪಿದಳೋ, ಸುನೀನ ನೋಡಿ ಒಪ್ಪಿದಳೋ, ಈಗಲೇ ಗೊತ್ತಾಗಲಿ. ಅವನ ಬೆಂಗಳೂರಿನ ಕೆಲಸಕ್ಕೆ ಏನು ಕಮ್ಮಿ? ಅವರು ಹೂಂ ಅಂದರೆ ಕ್ರಿಸ್‌ಮಸ್ ಕಳೆದು, 2026ರ ಫೆಬ್ರವರಿ 18ಕ್ಕೆ ತಪಸ್ಸು ಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಶುರುವಾಗೋದರೊಳಗೆ ಮುಗಿಸಿಬಿಡಿ. ಫಾದರ್ ಹತ್ರ ತಾರೀಖು ಕೇಳಿ. ಛತ್ರದ ಅಡ್ವಾನ್ಸ್ ನಾನು ಕಳಿಸ್ತೀನಿ. ಸಾಲ ಗೀಲ ಮಾಡಬೇಡಿ.

ನೈಟ್ ಡ್ಯೂಟಿಗೆ ಹೊತ್ತಾಯ್ತು. ಬಿಪಿ ಮಾತ್ರೆ ತಪ್ಪಿಸಬೇಡಿ. ಭದ್ರಾವತಿಗೆ ಈ ವಾರವೇ ಹೋಗಿ ಬನ್ನಿ, ಫೋನಲ್ಲಿ ಹೇಳೋ ಮಾತಲ್ಲ.

ನಿಮ್ಮ
ಲಿಲ್ಲಿ